ಐಪಿಮ್ಯಾಟ್: ಮೂರು ಬಾಗಿಲು, ನಲವತ್ತು ನಲವತ್ತು ನಿಮಿಷ

ಪಿಯುಸಿ ಆದ ಮೇಲೆ ಏನು ಎಂದು ಕೇಳಿದರೆ ನಮ್ಮ ಕಾಲೇಜಿನಲ್ಲಿ ಸಿಗುವ ಉತ್ತರ ಮೂರೇ: ನೀಟ್, ಸಿಇಟಿ, ಇಲ್ಲವೇ ಬಿಕಾಂ ಜೊತೆಗೆ ಸಿಎ. ಮ್ಯಾನೇಜ್‌ಮೆಂಟ್ ಎಂದರೆ ಡಿಗ್ರಿ ಮುಗಿದ ಮೇಲೆ ಯೋಚಿಸುವ ವಿಷಯ ಎಂದೇ ಎಲ್ಲರ ಲೆಕ್ಕ. ಆದರೆ ಇಂದೋರಿನ ಐಐಎಂ 2011ರಿಂದಲೂ ಹನ್ನೆರಡನೇ ತರಗತಿ ಮುಗಿಸಿದವರನ್ನು ನೇರವಾಗಿ ಐದು ವರ್ಷದ ಇಂಟಿಗ್ರೇಟೆಡ್ ಕೋರ್ಸಿಗೆ ಸೇರಿಸಿಕೊಳ್ಳುತ್ತಿದೆ. ಸೈನ್ಸ್, ಕಾಮರ್ಸ್, ಆರ್ಟ್ಸ್ ಎಂಬ ಭೇದ ಇಲ್ಲ. ಅದಕ್ಕೆ ನಡೆಸುವ ಪರೀಕ್ಷೆಯೇ ಐಪಿಮ್ಯಾಟ್. ನಾನು ಇದೇ ಕಾಲೇಜಿನ ಸೈನ್ಸ್ ವಿಭಾಗದಲ್ಲಿ ಓದಿ, ಈ ಪರೀಕ್ಷೆ ಬರೆದು, ಈಗ ಅಲ್ಲಿ ಎರಡನೇ ವರ್ಷದಲ್ಲಿದ್ದೇನೆ. ರಜೆಯಲ್ಲಿ ಊರಿಗೆ ಬಂದಾಗಲೆಲ್ಲ ತಂಗಿಯರು, ತಮ್ಮಂದಿರು ಕೇಳುವ ಪ್ರಶ್ನೆ ಒಂದೇ: “ಅಕ್ಕಾ, ಹೇಗೆ ಓದಬೇಕು?” ಒಬ್ಬೊಬ್ಬರಿಗೆ ಹೇಳುವ ಬದಲು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪರೀಕ್ಷೆಯ ಆಕಾರ ತಿಳಿಯಬೇಕು. ಇತ್ತೀಚಿನ ವರ್ಷಗಳಲ್ಲಿ ಒಟ್ಟು 90 ಪ್ರಶ್ನೆ, 120 ನಿಮಿಷ, ಮೂರು ವಿಭಾಗ. ಗಣಿತದ ಬಹು ಆಯ್ಕೆಯ ವಿಭಾಗದಲ್ಲಿ 30 ಪ್ರಶ್ನೆ, ಗಣಿತದ್ದೇ ‘ಶಾರ್ಟ್ ಆನ್ಸರ್’ ವಿಭಾಗದಲ್ಲಿ 15, ಇಂಗ್ಲಿಷಿನ ವರ್ಬಲ್ ವಿಭಾಗದಲ್ಲಿ 45. ಸರಿ ಉತ್ತರಕ್ಕೆ 4 ಅಂಕ. ಬಹು ಆಯ್ಕೆಯಲ್ಲಿ ತಪ್ಪಿದರೆ 1 ಅಂಕ ಕಡಿತ. ಶಾರ್ಟ್ ಆನ್ಸರ್‌ನಲ್ಲಿ ಕಡಿತ ಇಲ್ಲ.

ಇಷ್ಟನ್ನು ಎಲ್ಲರೂ ಓದಿರುತ್ತಾರೆ. ಓದಿಯೂ ಗಮನಿಸದೆ ಬಿಡುವ ವಿಷಯ ಎರಡು. ಒಂದು, ಪ್ರತಿ ವಿಭಾಗಕ್ಕೂ ಪ್ರತ್ಯೇಕವಾಗಿ 40 ನಿಮಿಷ. ಇಲ್ಲಿ ಉಳಿಸಿದ ಸಮಯವನ್ನು ಅಲ್ಲಿಗೆ ಒಯ್ಯುವಂತಿಲ್ಲ. ಯಾವುದನ್ನು ಮೊದಲು ಮಾಡಬೇಕೆಂದು ಆರಿಸುವಂತೆಯೂ ಇಲ್ಲ. ಇನ್ನೊಂದು, ಪ್ರತಿ ವಿಭಾಗಕ್ಕೂ ಅದರದ್ದೇ ಕಟ್‌ಆಫ್. ಮೂರನ್ನೂ ದಾಟಿದವರ ಒಟ್ಟು ಅಂಕವನ್ನಷ್ಟೇ ನೋಡಿ ಇಂಟರ್‌ವ್ಯೂಗೆ ಕರೆಯುತ್ತಾರೆ. ನನ್ನ ಜೊತೆ ಪರೀಕ್ಷೆ ಬರೆದ ಗೆಳತಿಯೊಬ್ಬಳು ಗಣಿತದಲ್ಲಿ ನನಗಿಂತ ಬಹಳ ಮುಂದೆ. ನಮ್ಮ ಬೆಂಚಿನವರೆಲ್ಲ ಲೆಕ್ಕ ಬಿಡಿಸಿಕೊಂಡದ್ದು ಅವಳಿಂದಲೇ. ಗಣಿತದ ಎರಡೂ ವಿಭಾಗಗಳನ್ನು ಆರಾಮವಾಗಿ ದಾಟಿ ಅವಳು ನಿಂತದ್ದು ವರ್ಬಲ್ ಕಟ್‌ಆಫ್‌ನಲ್ಲಿ. ಗಣಿತದ ಹೆಚ್ಚುವರಿ ಅಂಕ ಅವಳಿಗೆ ಒಂದಿಷ್ಟೂ ನೆರವಾಗಲಿಲ್ಲ. ಸಿಇಟಿಯಲ್ಲಿ ಹೀಗಾಗುವುದಿಲ್ಲ; ಅಲ್ಲಿ ಕೆಮಿಸ್ಟ್ರಿ ಕೈಕೊಟ್ಟರೆ ಮ್ಯಾಥ್ಸ್ ಎತ್ತಿಕೊಡುತ್ತದೆ. ಇಲ್ಲಿ ಒಂದು ಬಾಗಿಲು ಮುಚ್ಚಿದರೆ ಉಳಿದೆರಡು ತೆರೆದಿದ್ದೂ ಪ್ರಯೋಜನ ಇಲ್ಲ.

ಆದ್ದರಿಂದ ಓದುವಾಗ ‘ಒಟ್ಟು ಎಷ್ಟು ಅಂಕ ಬರುತ್ತದೆ’ ಎಂದು ಕೇಳಿಕೊಳ್ಳಬೇಡಿ. ‘ಈ ಮೂರರಲ್ಲಿ ನಾನು ಎಲ್ಲಿ ನಿಲ್ಲುತ್ತೇನೆ’ ಎಂದು ಕೇಳಿಕೊಳ್ಳಿ. ಉತ್ತರ ಸಿಕ್ಕಿದ ಕಡೆಗೆ ಮೊದಲ ಎರಡು ತಿಂಗಳು ಕೊಡಿ.

ವರ್ಬಲ್‌ನಿಂದ ಶುರು ಮಾಡುತ್ತೇನೆ, ಯಾಕೆಂದರೆ ನಮ್ಮವರು ಅದನ್ನು ಕೊನೆಗೆ ಇಡುತ್ತಾರೆ. 45 ಪ್ರಶ್ನೆಗೆ 180 ಅಂಕ. ಇಡೀ ಪರೀಕ್ಷೆ 360ಕ್ಕೆ. ಅಂದರೆ ಅರ್ಧ ಪರೀಕ್ಷೆ ಇಂಗ್ಲಿಷಿನದ್ದು. ಕಟ್‌ಆಫ್ ಕೂಡ ಇದರದ್ದೇ ಎತ್ತರ. ಗಣಿತದ ಎರಡರದ್ದೂ ಅದಕ್ಕಿಂತ ಎಷ್ಟೋ ಕೆಳಗೆ ಇರುತ್ತದೆ. ಒಂದು ಪ್ರಶ್ನೆಗೆ ಒಂದು ನಿಮಿಷವೂ ಸಿಗುವುದಿಲ್ಲ, ಸುಮಾರು 53 ಸೆಕೆಂಡ್. ಶಬ್ದಾರ್ಥ, ನುಡಿಗಟ್ಟು, ವ್ಯಾಕರಣ, ಬಿಟ್ಟ ಸ್ಥಳ ಇವೆಲ್ಲ ಗೊತ್ತಿದ್ದರೆ ಹತ್ತು ಸೆಕೆಂಡಿನ ಕೆಲಸ, ಗೊತ್ತಿಲ್ಲದಿದ್ದರೆ ಹತ್ತು ನಿಮಿಷ ಕುಳಿತರೂ ಹೊಳೆಯುವುದಿಲ್ಲ. ಅವನ್ನು ಮೊದಲ ಹದಿನೈದು ನಿಮಿಷದಲ್ಲಿ ಮುಗಿಸಿ, ಉಳಿದ ಇಪ್ಪತ್ತೈದನ್ನು ಪ್ಯಾಸೇಜ್‌ಗಳಿಗೂ ಪ್ಯಾರಾ ಜಂಬಲ್‌ಗಳಿಗೂ ಇಟ್ಟುಕೊಳ್ಳಿ.

ಹೈಸ್ಕೂಲ್ ತನಕ ಕನ್ನಡ ಮಾಧ್ಯಮದಲ್ಲಿ ಓದಿದವರು ಇಲ್ಲಿಯೇ ಹಿಂಜರಿಯುತ್ತಾರೆ. ಮನೆಯಲ್ಲಿ ಬ್ಯಾರಿ, ಬಸ್ಸಿನಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಮದ್ರಸದಲ್ಲಿ ಅರಬಿ ಓದಿ ಬೆಳೆದವರಿಗೆ ಇನ್ನೊಂದು ಭಾಷೆಯ ವಾಕ್ಯ ಹೇಗೆ ಜೋಡಣೆಯಾಗಿದೆ ಎಂದು ಹಿಡಿಯುವುದು ಅಷ್ಟು ಕಷ್ಟವಲ್ಲ ಎಂದು ನನ್ನ ಅಭಿಪ್ರಾಯ. ಪ್ಯಾರಾ ಜಂಬಲ್ ಎಂದರೆ ಕಲಸಿಟ್ಟ ವಾಕ್ಯಗಳನ್ನು ಕ್ರಮವಾಗಿ ಜೋಡಿಸುವುದು. ಕನ್ನಡದಲ್ಲೇ ನೋಡಿ:

1. ಆದರೆ ಆ ಬಾವಿಯೂ ಮಾರ್ಚ್ ತಿಂಗಳಲ್ಲೇ ಬತ್ತಿತು.
2. ಅದರ ಖರ್ಚು ತಾಳಲಾರದೆ ಊರಿನವರು ಸೇರಿ ಒಂದು ಬಾವಿ ತೋಡಿದರು.
3. ಹೀಗಾಗಿ ಮತ್ತೆ ಟ್ಯಾಂಕರ್‌ಗೇ ಫೋನ್ ಮಾಡಬೇಕಾಯಿತು.
4. ಬೇಸಿಗೆಯಲ್ಲಿ ಆ ಊರಿಗೆ ಟ್ಯಾಂಕರ್ ನೀರೇ ಗತಿಯಾಗಿತ್ತು.

‘ಆ ಬಾವಿ’ ಎಂದಿರುವುದರಿಂದ ಬಾವಿಯ ಮಾತು ಮೊದಲೇ ಬಂದಿರಬೇಕು. 2 ಆದ ಮೇಲೆಯೇ 1. ‘ಅದರ ಖರ್ಚು’ ಎಂದರೆ ಯಾವುದರ ಖರ್ಚು? ಟ್ಯಾಂಕರಿನದ್ದು, ಹಾಗಾಗಿ 4 ಆದ ಮೇಲೆ 2. ‘ಹೀಗಾಗಿ ಮತ್ತೆ’ ಎಂಬುದು ಕೊನೆಗೇ ಬರಬೇಕು. 4, 2, 1, 3. ಇಂಗ್ಲಿಷಿನಲ್ಲಿಯೂ ಹುಡುಕಬೇಕಾದದ್ದು ಇದನ್ನೇ: ‘ಅದು, ಆ, ಆದರೆ, ಹೀಗಾಗಿ, ಮತ್ತೆ’ ಎನ್ನುವಂಥ ಪದಗಳು. ಇಡೀ ಪ್ಯಾರಾದ ಅರ್ಥ ಪೂರ್ತಿ ಆಗದಿದ್ದರೂ ಕೊಂಡಿ ಸಿಗುತ್ತದೆ.

ಪ್ಯಾಸೇಜ್‌ಗೆ ಮಾತ್ರ ಅಡ್ಡದಾರಿ ಇಲ್ಲ. ನಮ್ಮ ಲೈಬ್ರರಿಗೆ ಬರುವ ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಪುಟವನ್ನು ದಿನಕ್ಕೊಂದು ಓದಿ, ಪುಸ್ತಕ ಮುಚ್ಚಿ, ಲೇಖಕರು ಏನನ್ನು ವಾದಿಸುತ್ತಿದ್ದಾರೆ ಎಂದು ಎರಡು ವಾಕ್ಯದಲ್ಲಿ ಬರೆಯಿರಿ. ಕನ್ನಡದಲ್ಲಿ ಬರೆದರೂ ನಡೆಯುತ್ತದೆ. ಸಾವಿರ ಪದಗಳ ಪಟ್ಟಿ ಬಾಯಿಪಾಠ ಮಾಡುವುದಕ್ಕಿಂತ ಇದು ಎಷ್ಟೋ ಮೇಲು. ಪಟ್ಟಿಯ ಪದ ಪಟ್ಟಿಯಲ್ಲೇ ಉಳಿಯುತ್ತದೆ.

ಇನ್ನು ಗಣಿತದ ಬಹು ಆಯ್ಕೆ. ಪಿಸಿಎಂ ಓದುವವರು ಕ್ಯಾಲ್ಕುಲಸ್‌ಗೆ ಸುರಿದ ಶ್ರಮ ಇಲ್ಲಿ ಹೆಚ್ಚು ಕೆಲಸಕ್ಕೆ ಬರುವುದಿಲ್ಲ. ಪದೇ ಪದೇ ಬರುವುದು ಲಾಗರಿದಮ್, ಶ್ರೇಢಿಗಳು, ವರ್ಗ ಸಮೀಕರಣ, ಅಸಮಾನತೆ, ಮ್ಯಾಟ್ರಿಕ್ಸ್ ಮತ್ತು ಡಿಟರ್ಮಿನೆಂಟ್, ಕ್ರಮಯೋಜನೆ–ವಿಕಲ್ಪ, ಸಂಭವನೀಯತೆ, ಸಂಖ್ಯಾ ಪದ್ಧತಿ, ಜೊತೆಗೆ ಹೈಸ್ಕೂಲಿನ ಶೇಕಡಾವಾರು, ವೇಗ–ದೂರ, ಜ್ಯಾಮಿತಿ. ಕಾಮರ್ಸ್‌ನಲ್ಲಿ ಬೇಸಿಕ್ ಮ್ಯಾಥ್ಸ್ ತೆಗೆದುಕೊಂಡವರು ಈ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಅರ್ಧಕ್ಕಿಂತ ಹೆಚ್ಚು ನಿಮ್ಮ ಪಠ್ಯದಲ್ಲೇ ಇದೆ. ‘ಇದು ಸೈನ್ಸ್‌ನವರ ಪರೀಕ್ಷೆ’ ಎಂದು ಬಿಟ್ಟುಕೊಡಬೇಡಿ.

ಕ್ಯಾಲ್ಕುಲೇಟರ್ ಇಲ್ಲ, ಪ್ರಶ್ನೆಗೆ 80 ಸೆಕೆಂಡ್. ಆದರೆ ನಾಲ್ಕು ಆಯ್ಕೆ ಕಣ್ಣೆದುರಿಗೇ ಇರುತ್ತದೆ. ಒಂದು ಸಂಖ್ಯೆಯ ಲಾಗರಿದಮ್ ಅನ್ನು ಆಧಾರ 2ರಲ್ಲೂ ಆಧಾರ 4ರಲ್ಲೂ ತೆಗೆದು ಕೂಡಿಸಿದರೆ 6 ಬರುತ್ತದೆ, ಆ ಸಂಖ್ಯೆ ಯಾವುದು? ಆಯ್ಕೆ 8, 16, 32, 64. ಸಮೀಕರಣ ಬರೆದು ಬಿಡಿಸಬಹುದು. ಆದರೆ 16 ಹಾಕಿ ನೋಡಿದರೆ ಆಧಾರ 2ರಲ್ಲಿ 4, ಆಧಾರ 4ರಲ್ಲಿ 2, ಕೂಡಿದರೆ 6. ಮುಗಿಯಿತು. ಬೋರ್ಡ್ ಪರೀಕ್ಷೆಯಲ್ಲಿ ಹೀಗೆ ಮಾಡಿದರೆ ಮ್ಯಾಥ್ಸ್ ಸರ್ ಹಂತಗಳಿಗೆ ಅಂಕ ಕೊಡುವುದಿಲ್ಲ. ಇಲ್ಲಿ ಹಂತಗಳನ್ನು ಯಾರೂ ನೋಡುವುದಿಲ್ಲ.

ಅಂಕ ಕಡಿತದ ಬಗ್ಗೆ ನಮ್ಮವರಲ್ಲಿ ಅಗತ್ಯಕ್ಕಿಂತ ಹೆಚ್ಚು ಭಯ ಇದೆ. ಲೆಕ್ಕ ಹಾಕೋಣ. ಏನೂ ಗೊತ್ತಿಲ್ಲದೆ ನಾಲ್ಕು ಪ್ರಶ್ನೆಗೆ ಗುರುತು ಹಾಕಿದರೆ ಸರಾಸರಿ ಒಂದು ಸರಿ, ಮೂರು ತಪ್ಪು: 4ರಲ್ಲಿ 3 ಹೋಗಿ 1 ಉಳಿಯಿತು. ಎರಡು ಆಯ್ಕೆಗಳನ್ನು ತಪ್ಪೆಂದು ಖಚಿತವಾಗಿ ಹೊಡೆದುಹಾಕಿದ ಮೇಲೆ ಊಹಿಸಿದರೆ, ಎರಡು ಪ್ರಶ್ನೆಯಲ್ಲಿ ಒಂದು ಸರಿ, ಒಂದು ತಪ್ಪು: 4ರಲ್ಲಿ 1 ಹೋಗಿ 3. ಅಂದರೆ ಎರಡು ಆಯ್ಕೆ ಹೋದ ಪ್ರಶ್ನೆಯನ್ನು ಖಾಲಿ ಬಿಡುವುದೇ ನಷ್ಟ. ಕುರುಡು ಊಹೆಯ ಲಾಭ ಮಾತ್ರ ಹೆಸರಿಗಷ್ಟೇ, ಅದೂ ಸರಾಸರಿಯ ಮಾತು. ಕಟ್‌ಆಫ್ ಅಂಚಿನಲ್ಲಿ ಇರುವವರು ಅದನ್ನು ನಂಬಿ ಕೂರಬಾರದು. ಇಲ್ಲಿ ನಿಜವಾಗಿ ಕಳೆದುಹೋಗುವುದು ಆ ಒಂದು ಅಂಕವಲ್ಲ, ಬಗೆಹರಿಯದ ಪ್ರಶ್ನೆಯ ಮೇಲೆ ಹಟ ಹಿಡಿದು ಕೂತ ಐದು ನಿಮಿಷ. ಎರಡು ನಿಮಿಷದಲ್ಲಿ ದಾರಿ ಕಾಣದಿದ್ದರೆ ಗುರುತು ಮಾಡಿಟ್ಟು ಮುಂದೆ ಹೋಗಿ.

ಶಾರ್ಟ್ ಆನ್ಸರ್ ವಿಭಾಗವನ್ನು ನಾನು ಬೇರೆಯೇ ಪರೀಕ್ಷೆ ಎಂದು ಭಾವಿಸಿ ಓದಿದೆ. ಪಾಠ ಅದೇ, ಆದರೆ ಆಯ್ಕೆ ಇಲ್ಲ. ಉತ್ತರದ ಸಂಖ್ಯೆಯನ್ನು ನೀವೇ ಟೈಪ್ ಮಾಡಬೇಕು. ಹಾಕಿ ನೋಡುವ ಉಪಾಯ ಇಲ್ಲಿ ಸತ್ತುಹೋಗುತ್ತದೆ. ‘ಅಂಕಿಗಳು ಪುನರಾವರ್ತನೆಯಾಗದ ಮೂರು ಅಂಕಿಯ ಸಂಖ್ಯೆಗಳು ಎಷ್ಟು?’ ಅವಸರದಲ್ಲಿ 10 ಗುಣಿಸು 9 ಗುಣಿಸು 8 ಎಂದು 720 ಬರೆಯುತ್ತೇವೆ. ಮೊದಲ ಅಂಕಿ ಸೊನ್ನೆ ಆಗುವಂತಿಲ್ಲ, ಹಾಗಾಗಿ 9 ಗುಣಿಸು 9 ಗುಣಿಸು 8, ಅಂದರೆ 648. ವಿಧಾನ ಗೊತ್ತಿತ್ತು, ಉತ್ತರ ಹತ್ತಿರ ಇತ್ತು ಎಂದು ಅರ್ಧ ಅಂಕವೂ ಸಿಗುವುದಿಲ್ಲ.

ಅದಕ್ಕೇ ಇಲ್ಲಿ ಸಮಯ ಧಾರಾಳ: ಪ್ರಶ್ನೆಗೆ 2 ನಿಮಿಷ 40 ಸೆಕೆಂಡ್. ಹದಿನೈದನ್ನೂ ಮಾಡಹೊರಟವರಿಗಿಂತ, ಎಂಟನ್ನು ಆರಿಸಿ ಎರಡೆರಡು ಬಾರಿ ಪರೀಕ್ಷಿಸಿದವರು ಸುರಕ್ಷಿತ. ಮೊದಲ ಎರಡು ಮೂರು ನಿಮಿಷ ಏನನ್ನೂ ಬಿಡಿಸದೆ ಹದಿನೈದನ್ನೂ ಓದಿ, ನಿಮ್ಮವು ಯಾವುವು ಎಂದು ಗುರುತಿಸಿ. ಪ್ರತಿ ಉತ್ತರ ಟೈಪ್ ಮಾಡುವ ಮೊದಲು ಮೂರು ಸಂಗತಿ ನೋಡಿ: ಸೊನ್ನೆ ಸೇರಿದೆಯೇ, ಋಣ ಸಂಖ್ಯೆ ಬರಬಹುದೇ, ಕೇಳಿದ್ದು ಆ ಸಂಖ್ಯೆಯನ್ನೋ ಅದರ ವರ್ಗವನ್ನೋ. ಕೊನೆಯ ನಿಮಿಷದಲ್ಲಿ ಖಾಲಿ ಉಳಿದ ಪೆಟ್ಟಿಗೆಗಳಲ್ಲಿ ತೋಚಿದ ಸಂಖ್ಯೆ ಬರೆಯಿರಿ, ಕಡಿತ ಇಲ್ಲವಲ್ಲ. ಅದರಿಂದ ಅಂಕ ಬರುತ್ತದೆ ಎಂದು ಮಾತ್ರ ಎಣಿಸಬೇಡಿ.

ಅಣಕು ಪರೀಕ್ಷೆ ಬರೆಯುವಾಗಲೂ ಈ 40 ನಿಮಿಷದ ಗೋಡೆ ಇರಲಿ. ಮನೆಯಲ್ಲಿ ಮೊಬೈಲ್‌ನಲ್ಲಿ ಅಲಾರಂ ಇಟ್ಟು, ಹೊಡೆದ ತಕ್ಷಣ ಪೆನ್ ಕೆಳಗಿಡಿ. ಅಂಕವನ್ನು ಮೂರು ಸಾಲಿನಲ್ಲಿ ಬರೆಯಿರಿ, ಕೂಡಿಸಬೇಡಿ.

ರೋಹ್ತಕ್ ಐಐಎಂನ ಪರೀಕ್ಷೆ ಬೇರೆ: ಅಲ್ಲಿ ಗಣಿತ, ತರ್ಕ, ಇಂಗ್ಲಿಷ್ ತಲಾ 40 ಪ್ರಶ್ನೆ, ಹಾಗಾಗಿ ಆಳಕ್ಕಿಂತ ವೇಗ ಮುಖ್ಯ. ಜಮ್ಮು ಮತ್ತು ಬೋಧಗಯಾಕ್ಕೆ ಜಿಪ್‌ಮ್ಯಾಟ್ ಇದೆ. ಇಂದೋರಿಗೆ ಓದಿದವರು ಇವೆರಡಕ್ಕೆ ತರ್ಕದ ಪ್ರಶ್ನೆಗಳನ್ನಷ್ಟೇ ಹೊಸದಾಗಿ ಅಭ್ಯಾಸ ಮಾಡಿದರೆ ಸಾಕು.

ಕೊನೆಗೆ ಮನೆಯಲ್ಲಿ ಈಗಲೇ ಮಾತಾಡಬೇಕಾದ ಎರಡು ವಿಷಯ. ಅರ್ಜಿ ಶುಲ್ಕವೇ ನಾಲ್ಕು ಸಾವಿರ ರೂಪಾಯಿ ದಾಟುತ್ತದೆ, ಕೋರ್ಸಿನ ಶುಲ್ಕ ವರ್ಷಕ್ಕೆ ಲಕ್ಷಗಳಲ್ಲಿ. ಬಡ್ಡಿ ಸಾಲ ಬೇಡ ಎನ್ನುವ ಮನೆಗಳಲ್ಲಿ ಇದು ಸಣ್ಣ ಮಾತಲ್ಲ. ನಮ್ಮ ಮನೆಯಲ್ಲೂ ಬಾಪ ಮೊದಲು ಕೇಳಿದ್ದು ಇದನ್ನೇ. ಸಂಸ್ಥೆಯ ಸ್ಕಾಲರ್‌ಶಿಪ್ ನಿಯಮಗಳನ್ನು ಅರ್ಜಿ ಹಾಕುವ ಮೊದಲೇ ಓದಿ. ಮೂರು ವರ್ಷ ಮುಗಿಸಿ ಪದವಿಯೊಂದಿಗೆ ಹೊರಬರುವ ಅವಕಾಶ ಇದೆ ಎನ್ನುವುದನ್ನೂ ಮನೆಯವರಿಗೆ ತಿಳಿಸಿ. ಇನ್ನೊಂದು, ರಾಜ್ಯದ 2ಬಿ ಪ್ರಮಾಣಪತ್ರ ಅಲ್ಲಿ ನಡೆಯುವುದಿಲ್ಲ. ಕೇಂದ್ರದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ನಿಮ್ಮ ಸಮುದಾಯ ಇದೆಯೇ ಎಂದು ನೋಡಬೇಕು. ಇದ್ದರೆ ಕೇಂದ್ರದ ನಮೂನೆಯಲ್ಲೇ ಪತ್ರ ಮಾಡಿಸಬೇಕು. ಇಲ್ಲದಿದ್ದರೆ ಆದಾಯ ನೋಡಿಕೊಂಡು ಇಡಬ್ಲ್ಯೂಎಸ್ ಪತ್ರಕ್ಕೆ ಅರ್ಜಿ ಹಾಕಬಹುದು. ತಾಲೂಕು ಕಚೇರಿಯಲ್ಲಿ ಎಷ್ಟು ದಿನ ಹಿಡಿಯುತ್ತದೆ ಎಂದು ನಿಮಗೇ ಗೊತ್ತು. ಅರ್ಧವಾರ್ಷಿಕ ಪರೀಕ್ಷೆ ಮುಗಿದ ವಾರವೇ ಹೋಗಿ ಬನ್ನಿ.

ನಾನು ಬಳಸಿದ ಅಣಕು ಪತ್ರಿಕೆಗಳ ಕಟ್ಟನ್ನು ಲೈಬ್ರರಿಯಲ್ಲಿ ಕೊಟ್ಟಿದ್ದೇನೆ. ಉತ್ತರಗಳನ್ನು ಪೆನ್ಸಿಲಿನಲ್ಲಿ ಬರೆದಿದ್ದೆ, ಅಳಿಸಿಟ್ಟಿದ್ದೇನೆ. ನೀವೂ ಪೆನ್ಸಿಲಿನಲ್ಲೇ ಬರೆಯಿರಿ.