ಗೋಡೆಯಾಚೆ ಉಳಿದ ಊರು

ಕಾರವಾರದಿಂದ ಅಂಕೋಲೆಗೆ ಬಸ್ಸಿನಲ್ಲಿ ಹೊರಟರೆ ಬಿಣಗಾ ದಾಟುತ್ತಲೇ ಹೆದ್ದಾರಿಯ ಬಲಬದಿಗೆ ಎತ್ತರದ ಗೋಡೆಯೊಂದು ಜೊತೆಯಾಗುತ್ತದೆ. ಕಿಟಕಿ ಪಕ್ಕದ ಹುಡುಗನಿಗೆ ಅದು ನೌಕಾನೆಲೆಯ ಗೋಡೆ, ಅಷ್ಟೇ. ಅವನ ಅಜ್ಜ ಅರ್ಗಾದವನೋ ಆಸುಪಾಸಿನವನೋ ಆಗಿದ್ದರೆ, ಅವನಿಗೆ ಅದರಾಚೆ ಇರುವುದು ಈಜು ಕಲಿತ ಕಡಲು, ಕಲ್ಲು ಹೊಡೆದು ಮಾವು ಉದುರಿಸಿದ ಹಿತ್ತಲು, ಕತ್ತಲಲ್ಲಿ ಕಣ್ಣುಮುಚ್ಚಿ ಓಡಿ ದಾಟುತ್ತಿದ್ದ ಜಟಗನ ಕಟ್ಟೆ.

ಸೀಬರ್ಡ್ ಯೋಜನೆಗೆ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ್ದು 1986ರ ಅಕ್ಟೋಬರಿನಲ್ಲಿ. ಕಾರವಾರ, ಅಂಕೋಲಾ ತಾಲೂಕುಗಳ 13 ಗ್ರಾಮಗಳ ಜನ ಜಾಗ ಬಿಟ್ಟುಕೊಟ್ಟರು. 1990ರ ದಶಕದ ಕೊನೆಯ ಹೊತ್ತಿಗೆ ಮನೆಗಳು ಖಾಲಿಯಾದವು. ತೋಡೂರು, ಮುದಗಾ, ಹಾರವಾಡ ಮೊದಲಾದೆಡೆ ಪುನರ್ವಸತಿ ಕಾಲೊನಿಗಳು ಎದ್ದವು. ಐ.ಎನ್.ಎಸ್. ಕದಂಬ 2005ರ ಮೇ 31ರಂದು ಕಾರ್ಯಾರಂಭ ಮಾಡಿತು. ಪರಿಹಾರಕ್ಕಾಗಿ ಕೋರ್ಟು ಕಚೇರಿ ಅಲೆದ ವರ್ಷಗಳ ಕತೆಯನ್ನು ಹಿರಿಯರು ಬೇಗ ಮುಗಿಸಿಬಿಡುತ್ತಾರೆ. ಬಾಲ್ಯದ ಮಾತು ಬಂದರೆ ಮಾತ್ರ ಚಾ ಆರಿಹೋದರೂ ಗಮನವಿರುವುದಿಲ್ಲ.

ಆ ಮಾತು ಸಾಮಾನ್ಯವಾಗಿ ರಂಪಣಿಯಿಂದಲೇ ಶುರು. ದೋಣಿಯಲ್ಲಿ ಬಲೆ ಒಯ್ದು, ಕಡಲಿನಲ್ಲಿ ದೊಡ್ಡ ಅರ್ಧ ಸುತ್ತು ಹಾಕಿ, ಎರಡೂ ತುದಿಗಳ ಹಗ್ಗವನ್ನು ದಂಡೆಯಿಂದ ಎಳೆಯುತ್ತಿದ್ದ ಬಲೆ ಅದು. ಎಪ್ಪತ್ತು ಎಂಬತ್ತು ಜನ ಬೇಕು. ದಂಡೆಯಲ್ಲಿ ಕೂಗು ಕೇಳಿದರೆ ಶಾಲೆಯ ಮಕ್ಕಳ ಕಿವಿ ನೆಟ್ಟಗಾಗುತ್ತಿತ್ತು. ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಮೀನು, ಹಾಗಾಗಿ ಹುಡುಗರ ಪುಟ್ಟ ಕೈಗೂ ನಾಲ್ಕು ಬಂಗಡೆಯೋ ಒಂದು ಬೊಗಸೆ ತಾರ್ಲೆಯೋ ಸಿಗುತ್ತಿತ್ತು. ಅದನ್ನು ಹಿಡಿದು ಮನೆಗೆ ಓಡುವ ಹುಡುಗನ ಗತ್ತು ಯಾವ ಗಳಿಕೆದಾರನಿಗೂ ಕಮ್ಮಿಯಿರಲಿಲ್ಲ! ರಂಪಣಿಯ ಕಾಲವಂತೂ ಗೋಡೆ ಏಳುವ ಮೊದಲೇ ಕಳೆಯುತ್ತ ಬಂದಿತ್ತು. 1970ರ ದಶಕದಲ್ಲಿ ಯಾಂತ್ರಿಕ ದೋಣಿಗಳ ಪರ್ಸೀನ್ ಬಲೆ ಬಂದು, ಮೀನು ದಂಡೆಯ ತನಕ ಬರುವುದೇ ಕಡಿಮೆಯಾಯಿತು.

ಮಳೆಗಾಲಕ್ಕೆ ಕಂಬಳಿ ಕೊಪ್ಪೆ, ಹೋಳಿಗೆ ಹಾಲಕ್ಕಿಗಳ ಸುಗ್ಗಿ ಕುಣಿತ. ತಲೆಯ ಮೇಲೆ ಬಣ್ಣದ ತುರಾಯಿ ಹೊತ್ತ ತಂಡ ಅಂಗಳಕ್ಕೆ ಬಂದರೆ ಮಕ್ಕಳಿಗೆ ಅಂದು ಪಾಠವೂ ಇಲ್ಲ, ನಿದ್ದೆಯೂ ಇಲ್ಲ. ಬೇಸಿಗೆಯಲ್ಲಿ ಕರಿ ಇಶಾಡು ಮಾವು. 2023ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿ ಹೆಸರುವಾಸಿಯಾದ ಅಂಕೋಲೆಯ ಈ ಹಣ್ಣನ್ನು ಆಗ ಯಾರೂ ಲೆಕ್ಕ ಮಾಡಿ ತಿಂದವರಲ್ಲ.

ದೋಣಿಯೇರಿ ಹೋಗುವ ಜಾತ್ರೆಗಳೂ ಇದ್ದವು. ಕೂರ್ಮಗಡ ದ್ವೀಪದ ನರಸಿಂಹನ ಜಾತ್ರೆ ಪುಷ್ಯ ಹುಣ್ಣಿಮೆಗೆ ಈಗಲೂ ನಡೆಯುತ್ತದೆ. ಅಂಜುದೀವದ ಇಗರ್ಜಿಯ ಹಬ್ಬದ ಭಾಗ್ಯ ಹಾಗಿಲ್ಲ. ಆ ದ್ವೀಪವೂ ಅಲೆತಡೆಗೋಡೆಯ ಮೂಲಕ ನೆಲಕ್ಕೆ ಸೇರಿ ನೌಕಾನೆಲೆಯ ಭಾಗವಾಗಿದೆ.

ಎಲ್ಲವೂ ಸಿಹಿ ಎಂದರೆ ಸುಳ್ಳಾದೀತು. ಗಂಜಿಯೂಟದ ದಿನಗಳಿದ್ದವು, ಹೈಸ್ಕೂಲು ಮೈಲುಗಟ್ಟಲೆ ದೂರವಿತ್ತು. ಅಂಕೋಲೆಯ ಅಲಗೇರಿಯಲ್ಲಿ 1909ರಲ್ಲಿ ಹುಟ್ಟಿದ ದಿನಕರ ದೇಸಾಯಿ 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಶಾಲೆಗಳನ್ನು ತೆರೆಯದಿದ್ದರೆ, ಈ ಭಾಗದ ಎಷ್ಟೋ ಮಕ್ಕಳು ಏಳನೆಯ ಇಯತ್ತೆಗೇ ಪಾಟಿ ಕೆಳಗಿಡಬೇಕಿತ್ತು. ಮಕ್ಕಳ ಬಾಯಲ್ಲಿ ಉಳಿದ ಗಡಿಯಾರದ ಪದ್ಯವೂ ಅವರದೇ.

ಕಾಲೊನಿಯ ಮನೆಗಳು ಈಗ ತಾರಸಿಯವು, ನಳ್ಳಿ ನೀರು ಒಳಗೇ ಬರುತ್ತದೆ. ಆದರೆ ಸರ್ಕಾರದ ದಾಖಲೆಯಲ್ಲಿ ಗದ್ದೆಗೆ ಸರ್ವೆ ನಂಬರು ಮಾತ್ರ. ಆ ಗದ್ದೆಯನ್ನು, ಬೇಣವನ್ನು, ಕಡಲಂಚಿನ ಬಂಡೆಯನ್ನು ಏನೆಂದು ಕರೆಯುತ್ತಿದ್ದರು ಎಂಬುದು ಅಲ್ಲಿ ಬೆಳೆದವರ ಬಾಯಲ್ಲಷ್ಟೇ ಇದೆ. ಅಂದು ಹತ್ತು ವರ್ಷದವರಾಗಿ ಗಂಟುಮೂಟೆಯ ಜೊತೆ ಹೊರಟವರಿಗೆ ಈಗ ನಲವತ್ತರ ಆಚೀಚೆ, ಅವರ ಅಜ್ಜಿಯರಲ್ಲಿ ಬಹುಪಾಲು ಇಲ್ಲ. ಇತ್ತ ದೇಸಾಯರ ಅಲಗೇರಿಯಲ್ಲಿ ಹಾಗೂ ನೆರೆಯ ಬೇಲೇಕೇರಿ, ಭಾವಿಕೇರಿಗಳಲ್ಲಿ ವಿಮಾನ ನಿಲ್ದಾಣಕ್ಕಾಗಿ ಮತ್ತೆ ಅಳತೆಯ ಸರಪಳಿ ಹಿತ್ತಲಿಗೆ ಬಂದಿದೆ.