ಕಲ್ಲಿನ ಕೋಟೆ, ಚಿಪ್ಪಿನ ಕಿಟಕಿ

ಫಿಲಿಪೀನ್ಸಿನ ರಾಜಧಾನಿ ಮನಿಲಾದಲ್ಲಿ, ಪಾಸಿಗ್ ನದಿಯ ದಡದಲ್ಲಿ ‘ಇಂಟ್ರಾಮುರೋಸ್’ ಎಂಬ ಹಳೆಯ ಕೋಟೆಪೇಟೆಯಿದೆ. ಹೆಸರಿನ ಅರ್ಥ ‘ಗೋಡೆಗಳ ಒಳಗೆ’. 1571ರಲ್ಲಿ ಇಲ್ಲಿ ನೆಲೆಯೂರಿದ ಸ್ಪೇನಿನವರು ಮುಂದೆ ಸುತ್ತಲೂ ಕಲ್ಲಿನ ಕೋಟೆ ಕಟ್ಟಿದರು. ಕೋಟೆಯಿಂದ ಶತ್ರುವನ್ನು ತಡೆಯಬಹುದು, ಭೂಕಂಪವನ್ನು ತಡೆಯಲಾದೀತೆ? 1645ರ ಕಂಪನದಲ್ಲಿ ಅನೇಕ ಕಲ್ಲಿನ ಕಟ್ಟಡಗಳು ನೆಲಕ್ಕುರುಳಿದವು.

ಉತ್ತರವಿದ್ದದ್ದು ಸ್ಥಳೀಯರ ಗುಡಿಸಲಿನಲ್ಲಿ. ಕಂಬಗಳ ಮೇಲೆ ಬಿದಿರು, ಗರಿಗಳಿಂದ ಕಟ್ಟುವ ‘ಬಹಾಯ್ ಕುಬೊ’ ಹಗುರವಾದ್ದರಿಂದ ನೆಲ ನಡುಗಿದಾಗ ತಾನೂ ತೂಗಾಡುತ್ತದೆ. ಇದೇ ತತ್ತ್ವದ ಮೇಲೆ ‘ಬಹಾಯ್ ನ ಬಾತೊ’ ಎಂಬ ಮನೆ ರೂಪುಗೊಂಡಿತು. ಕೆಳಗೆ ಕಲ್ಲಿನ ಗೋಡೆ, ಮೇಲೆ ಮರದ ಅಂತಸ್ತು. ಆದರೆ ಭಾರ ಹೊರುವುದು ಮರದ ಕಂಬಗಳೇ. ಕಿಟಕಿಗೆ ಗಾಜಿನ ಬದಲು ‘ಕಾಪಿಸ್’ ಎಂಬ ತೆಳುವಾದ ಕಡಲಚಿಪ್ಪು. ಅದು ಬೆಳಕನ್ನು ಒಳಬಿಟ್ಟು ಬಿಸಿಲಿನ ಝಳವನ್ನು ತಗ್ಗಿಸುತ್ತದೆ.

1945ರ ಮನಿಲಾ ಕದನದಲ್ಲಿ ಈ ಪೇಟೆ ಬಹುತೇಕ ನಾಶವಾಯಿತು. ಏಳು ಚರ್ಚುಗಳ ಪೈಕಿ ಉಳಿದದ್ದು 1607ರಲ್ಲಿ ಪೂರ್ಣಗೊಂಡ ಸಾನ್ ಅಗುಸ್ಟಿನ್ ಒಂದೇ. ಇಂದು ಪ್ರವಾಸಿಗರು ನೋಡುವ ‘ಕಾಸಾ ಮನಿಲಾ’ ಕೂಡ 1980ರ ದಶಕದಲ್ಲಿ ಹಳೆಯ ಮಾದರಿಯಂತೆ ಕಟ್ಟಿದ ಮನೆ.

ಆದ್ದರಿಂದ ವೀಕ್ಷಕರು ಕೋಟೆಯ ಫಿರಂಗಿಗಳ ಜೊತೆಗೆ ಕಿಟಕಿಯ ಚಿಪ್ಪುಗಳನ್ನೂ ಗಮನಿಸಬೇಕು. ಗೋಡೆ ಕಟ್ಟಿಸಿದವರು ಆಳಿದವರು. ಅದರೊಳಗೆ ಬಾಳುವ ಬಗೆಯನ್ನು ತೋರಿಸಿಕೊಟ್ಟವರು ಆ ನಾಡಿನ ಜನ.