ವಸಡಿನಿಂದ ಕವಾಟಕ್ಕೆ

ಸಂಜೆಯಾದರೆ ಸಣ್ಣಗೆ ಮೈಬಿಸಿ, ರಾತ್ರಿ ಬೆವರು, ಊಟ ಸೇರುವುದಿಲ್ಲ, ತೂಕ ಇಳಿಯುತ್ತಿದೆ. ಟೈಫಾಯ್ಡ್ ಇರಬಹುದೇ, ಟಿ.ಬಿ. ಇರಬಹುದೇ ಎನ್ನುವುದರಲ್ಲೇ ವಾರಗಳು ಉರುಳುತ್ತವೆ. ಇಂಥ ಜ್ವರದ ಬೇರು ಕೆಲವೊಮ್ಮೆ ಹೃದಯದ ಕವಾಟದಲ್ಲಿರುತ್ತದೆ. ರೋಗಾಣು ಅಲ್ಲಿಗೆ ಹೋಗಿರುವುದು ಬಾಯಿಯಿಂದ!

ಕವಾಟಗಳಿಗೆ ತಗಲುವ ಈ ಸೋಂಕನ್ನು ವೈದ್ಯರು ಎಂಡೋಕಾರ್ಡೈಟಿಸ್ ಎನ್ನುತ್ತಾರೆ. ಬಹುಪಾಲು ಸ್ಟ್ರೆಪ್ಟೊಕಾಕಸ್, ಸ್ಟಫೈಲೊಕಾಕಸ್ ಎಂಬ ಬ್ಯಾಕ್ಟೀರಿಯಾಗಳದೇ ಕೆಲಸ. ನೂರಕ್ಕೆ ಒಂದರಿಂದ ಮೂರು ಪ್ರಕರಣಗಳಲ್ಲಿ ಮಾತ್ರ ಬೇರೆಯದೇ ಗುಂಪು ಸಿಕ್ಕಿಬೀಳುತ್ತದೆ: ಹಿಮೋಫಿಲಸ್, ಅಗ್ರಿಗೇಟಿಬ್ಯಾಕ್ಟರ್, ಕಾರ್ಡಿಯೊಬ್ಯಾಕ್ಟೀರಿಯಮ್, ಐಕೆನೆಲ್ಲಾ, ಕಿಂಗೆಲ್ಲಾ. ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿ ಇವುಗಳಿಗೆ ‘ಹ್ಯಾಸೆಕ್’ ಎಂದು ಹೆಸರಿಟ್ಟಿದ್ದಾರೆ. ಎಲ್ಲವೂ ನಮ್ಮ ಬಾಯಿ, ಗಂಟಲಲ್ಲಿ ತೆಪ್ಪಗೆ ಬದುಕಿರುವಂಥವು. ಅಗ್ರಿಗೇಟಿಬ್ಯಾಕ್ಟರ್‌ನ ಒಂದು ಪ್ರಭೇದ ವಸಡಿನ ರೋಗದಲ್ಲಿ ಹೆಚ್ಚು. ಕಿಂಗೆಲ್ಲಾ ಪುಟ್ಟ ಮಕ್ಕಳ ಗಂಟಲಲ್ಲಿ. ಐಕೆನೆಲ್ಲಾ ಅಂತೂ ಪ್ರಯೋಗಾಲಯದ ತಟ್ಟೆಯಲ್ಲಿ ತಾನು ಬೆಳೆಯುವ ಅಗಾರ್ ಪದರವನ್ನೇ ಕೊರೆದು ಸಣ್ಣ ಗುಳಿ ಮಾಡುತ್ತದೆ, ಬ್ಲೀಚಿಂಗ್ ಪೌಡರಿನಂಥ ವಾಸನೆಯನ್ನೂ ಬಿಡುತ್ತದೆ.

ಹಲ್ಲು ಕೀಳಿಸಿದಾಗ ಮಾತ್ರವಲ್ಲ, ಊದಿದ ವಸಡಿನ ಮೇಲೆ ಬ್ರಷ್ ಆಡಿಸಿದಾಗಲೂ ಬ್ಯಾಕ್ಟೀರಿಯಾ ರಕ್ತಕ್ಕೆ ನುಸುಳುತ್ತದೆ. ಆರೋಗ್ಯವಂತರಲ್ಲಿ ಕ್ಷಣಹೊತ್ತಿನಲ್ಲಿ ಅದರ ಕಥೆ ಮುಗಿಯುತ್ತದೆ. ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಕೆಟ್ಟ ಕವಾಟವೋ, ಕೃತಕ ಕವಾಟವೋ ಇದ್ದರೆ ಅಲ್ಲಿ ಅಂಟಿಕೊಂಡು ಗಂಟಾಗಿ ಬೆಳೆಯುತ್ತದೆ. ಹ್ಯಾಸೆಕ್ ಸೋಂಕಿನಲ್ಲಿ ಈ ಗಂಟು ದೊಡ್ಡದಾಗುವುದುಂಟು. ಅದರ ಚೂರು ಮುರಿದು ಮಿದುಳಿನ ರಕ್ತನಾಳಕ್ಕೆ ಸಿಕ್ಕಿಕೊಂಡರೆ ಪಾರ್ಶ್ವವಾಯು.

ಈ ಬ್ಯಾಕ್ಟೀರಿಯಾಗಳ ಬೆಳವಣಿಗೆ ನಿಧಾನ. ರೋಗಿಯ ರಕ್ತದಿಂದ ಅವನ್ನು ಬೆಳೆಸಿ ನೋಡುವ ಬ್ಲಡ್ ಕಲ್ಚರ್ ಪರೀಕ್ಷೆಗೆ ಹಿಂದೆಲ್ಲ ರಕ್ತದ ಬಾಟಲಿಗಳನ್ನು ಎರಡು ಮೂರು ವಾರ ಇಟ್ಟುಕೊಂಡು ಕಾಯುತ್ತಿದ್ದರು. ಈಗಿನ ಸ್ವಯಂಚಾಲಿತ ಯಂತ್ರಗಳು ಸಾಮಾನ್ಯವಾಗಿ ಐದು ದಿನದೊಳಗೇ ಹಿಡಿದುಕೊಡುತ್ತವೆ. ಹಾಗಾದರೆ ತೊಡಕೇನು? ನಮ್ಮ ಮೆಡಿಕಲ್ ಶಾಪ್! ಚೀಟಿಯಿಲ್ಲದೆ ಕೊಂಡ ನಾಲ್ಕು ಆಂಟಿಬಯೋಟಿಕ್ ಮಾತ್ರೆ ಸೋಂಕನ್ನು ವಾಸಿ ಮಾಡುವುದಿಲ್ಲ, ಬ್ಯಾಕ್ಟೀರಿಯಾ ಬಾಟಲಿಯಲ್ಲಿ ಬೆಳೆಯದಂತೆ ಮಾತ್ರ ಮಾಡುತ್ತದೆ. ಜ್ವರ ಎರಡು ದಿನ ಬಿಟ್ಟು ಮರಳುತ್ತದೆ, ವರದಿಯಲ್ಲಿ ‘ಏನೂ ಬೆಳೆದಿಲ್ಲ’ ಎಂದಿರುತ್ತದೆ.

ಹ್ಯಾಸೆಕ್ ಸೋಂಕೆಂದು ಗೊತ್ತಾದರೆ ಮದ್ದಿದೆ. ಸೆಫ್‌ಟ್ರಿಯಾಕ್ಸೋನ್ ಇಂಜೆಕ್ಷನ್ ದಿನಾ, ನಾಲ್ಕು ವಾರ. ಕೃತಕ ಕವಾಟವಾದರೆ ಆರು ವಾರ. ಕೆಲವರಿಗೆ ಶಸ್ತ್ರಚಿಕಿತ್ಸೆಯೂ ಬೇಕಾಗುತ್ತದೆ. ಸ್ಟಫೈಲೊಕಾಕಸ್ ಸೋಂಕಿಗೆ ಹೋಲಿಸಿದರೆ ಇದರಲ್ಲಿ ಬದುಕುಳಿಯುವವರೇ ಹೆಚ್ಚು.

ಕೃತಕ ಕವಾಟವಿರುವವರು, ಹಿಂದೊಮ್ಮೆ ಈ ಸೋಂಕು ಬಂದವರು ಹಲ್ಲು ಕೀಳಿಸುವ ಮೊದಲು ದಂತವೈದ್ಯರಿಗೆ ಅದನ್ನು ಹೇಳಿ. ಒಂದು ಗಂಟೆ ಮುಂಚೆ ಒಂದು ಡೋಸ್ ಆಂಟಿಬಯೋಟಿಕ್ ಬೇಕಾಗಬಹುದು. ಕವಾಟದ ತೊಂದರೆಯಿದ್ದು ಜ್ವರ ವಾರ ದಾಟಿದರೆ, ಆಂಟಿಬಯೋಟಿಕ್ ನುಂಗುವ ಮೊದಲೇ ಬ್ಲಡ್ ಕಲ್ಚರ್ ಬೇಕೇ ಎಂದು ವೈದ್ಯರನ್ನು ಕೇಳಿ.